ಹೋರಿಕರದ ಜೊತೆ ಹುಟ್ಟಿದ ಆಕಳಕರ

ನಮ್ಮ ಮನೆಯ ಜರ್ಸಿ ಆಕಳು ಅವಳಿ ಕರ ಹಾಕಿದ್ದು ಶೀಗಿ ಹುಣ್ಣಿಮೆಯ ಮರುದಿನ ನಸುಕಿನಲ್ಲಿ. ಮೊದಲು ಹೋರಿಕರ ಬಂತು. ಮಾಸ ಬೀಳಲಿ ಎಂದು ಅಪ್ಪ ಕಂದೀಲು ಹಿಡಿದು ಕಾಯುತ್ತ ಕೂತಿದ್ದ. ಮಾಸದ ಬದಲು ಇನ್ನೊಂದು ಕರದ ಕಾಲು ಕಂಡಿತು. ಅದು ಆಕಳಕರ. ಅವ್ವ ಎರಡಕ್ಕೂ ಅರಿಷಿಣ ಹಚ್ಚಿದಳು, ಓಣಿಯ ಮನೆಮನೆಗೆ ಗಿಣ್ಣ ಕೊಟ್ಟು ಬಂದಳು. "ಒಂದ ಬಸುರಿಗೆ ಎರಡು ಕರ, ಲಕ್ಷ್ಮೀ ಜೋಡಿಲೆ ಬಂದಾಳ" ಎಂದರು ಎಲ್ಲರೂ. ಹೋರಿಕರವನ್ನು ಮುಂದೆ ಸಂತೆಗೆ ಹೊಡೆದೆವು. ಆಕಳಕರಕ್ಕೆ ಗಂಗಿ ಎಂದು ಹೆಸರಿಟ್ಟು ಮನೆಯಲ್ಲೇ ಇಟ್ಟುಕೊಂಡೆವು.

ಗಂಗಿಯನ್ನು ಸಾಕಿದವಳು ನಮ್ಮ ವೈನಿ. ಅಣ್ಣನ ಲಗ್ನವಾಗಿ ಆಗ ಆರು ವರ್ಷ ಆಗಿತ್ತು, ವೈನಿಯ ಮಡಿಲು ತುಂಬಿರಲಿಲ್ಲ. ಹಳ್ಳಿಯಲ್ಲಿ ಇಂಥ ಹೆಣ್ಣುಮಕ್ಕಳ ಪಾಡು ಹೇಗಿರುತ್ತದೆ ಎಂದು ಓದುವವರಿಗೆ ಬೇರೆ ಹೇಳಬೇಕಾಗಿಲ್ಲ. ಸೀಮಂತಕ್ಕೆ ಕರೆಯುವುದಿಲ್ಲ, ಕೂಸಿನ ತೊಟ್ಟಿಲು ಮುಟ್ಟಗೊಡುವುದಿಲ್ಲ. ಹರಕೆ, ಉಪವಾಸ, ಗಿಡಮೂಲಿಕೆ, ಎಲ್ಲವನ್ನೂ ವೈನಿಗೇ ಮಾಡಿಸಿದರು. ಅಣ್ಣನಿಗೆ ಒಂದು ಗುಳಿಗೆ ಕೂಡ ಯಾರೂ ನುಂಗಿಸಲಿಲ್ಲ.

ಗಂಗಿಗೆ ಮೂರು ವರ್ಷ ತುಂಬಿತು. ಅದರ ಓರಗೆಯ ಮಣಕಗಳೆಲ್ಲ ಗಬ್ಬಾದವು, ಕೆಲವು ಈದೂ ಬಿಟ್ಟವು. ಗಂಗಿ ಒಂದು ಸಲವೂ ಬೆದೆಗೆ ಬರಲಿಲ್ಲ. ಕೆಚ್ಚಲು ಕೂಡಲಿಲ್ಲ. ಹೆಗಲು ಮಾತ್ರ ಹೋರಿಯ ಹಾಗೆ ತುಂಬಿಕೊಂಡಿತು. ಒಂದು ದಿನ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಯಾರಿಗೆಂದೂ ಹೇಳದೆ ಅಂದಳು: "ಮನಿಗೆ ಒಂದು ಗೊಡ್ಡು ಸಾಲಲಿಲ್ಲಂತ ಎರಡನೇದು ಬಂದೈತಿ."

ಒಲೆಯ ಮುಂದೆ ವೈನಿ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಒಂದು ಗಳಿಗೆ ನಿಂತು ಮತ್ತೆ ಸುರುವಾಯಿತು. ನಾನು ಪಡಸಾಲೆಯಲ್ಲಿ ಮಕ್ಕಳ ವಹಿ ತಿದ್ದುತ್ತ ಕೂತಿದ್ದೆ. ನಾನು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಕೂಸು ಆಗದಿರುವುದಕ್ಕೆ ಕಾರಣ ಗಂಡಸಿನ ಕಡೆಯೂ ಇರಬಹುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆ ಎತ್ತಲಿಲ್ಲ.

ಆ ವಾರ ದನದ ಡಾಕ್ಟರು ಬಂದರು. ಅವರು ಮರಾಠಿಯವರು. ಅವ್ವನಿಗೆ ಮರಾಠಿ ಸಂತೆಯಷ್ಟೇ ಬರುತ್ತಿತ್ತು. ಹೀಗಾಗಿ ನಡುವೆ ನಿಂತು ಕನ್ನಡ ಮಾಡಿ ಹೇಳುವ ಕೆಲಸ ನನ್ನದಾಯಿತು. ಅವರು ಕೈ ಹಾಕಿ ನೋಡಿದರು. ಆಮೇಲೆ ಕೈ ತೊಳೆಯುತ್ತ ಕೇಳಿದ್ದು ಒಂದೇ ಮಾತು: ಇದರ ಜೋಡಿ ಹೋರಿಕರ ಹುಟ್ಟಿತ್ತೇನು?

ಹೌದು ಅಂದೆವು. ಹಾಗಾದರೆ ಇದು ಎಂದೂ ಗಬ್ಬಾಗುವುದಿಲ್ಲ ಎಂದರು. ಒಳಗೆ ಗರ್ಭಚೀಲವೇ ಬೆಳೆದಿಲ್ಲ. ಅವಳಿಯಲ್ಲಿ ಒಂದು ಹೋರಿ, ಒಂದು ಆಕಳು ಹುಟ್ಟಿದರೆ ಆಕಳಕರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಹೀಗೇ ಆಗುತ್ತದೆ. ತಾಯಿಯ ಬಸುರಿನಲ್ಲಿ ಎರಡೂ ಕರಗಳ ಮಾಸ ಒಂದಕ್ಕೊಂದು ಕೂಡಿಕೊಳ್ಳುತ್ತದೆ, ರಕ್ತನಾಳಗಳು ಬೆಸೆದುಕೊಳ್ಳುತ್ತವೆ, ಒಂದರ ರಕ್ತ ಇನ್ನೊಂದರಲ್ಲಿ ಹರಿಯುತ್ತದೆ. ಹೋರಿಯ ಬೀಜ ಮೊದಲು ತಯಾರಾಗುತ್ತದೆ. ಅದರಿಂದ ಹೊರಟ ರಸ ರಕ್ತದ ಜೊತೆ ತಂಗಿಯ ಮೈಗೆ ಬಂದು, ಅವಳ ಗರ್ಭಚೀಲ, ಅಂಡಾಶಯ ಬೆಳೆಯುವುದನ್ನು ತಡೆಯುತ್ತದೆ. ಹೋರಿಗೆ ಮಾತ್ರ ಬಹಳ ಮಟ್ಟಿಗೆ ಏನೂ ಆಗುವುದಿಲ್ಲ.

ಇದನ್ನೆಲ್ಲ ನಾನು ಅವ್ವನಿಗೆ ಕನ್ನಡ ಮಾಡಿ ಹೇಳಿದೆ. ಪಠ್ಯಪುಸ್ತಕದ ವೃಷಣ, ಅಂಡಾಶಯ ಎಂಬ ಶಬ್ದ ಅವ್ವನಿಗೆ ತಿಳಿಯುವುದಿಲ್ಲ, ಊರವರ ಶಬ್ದ ಅವ್ವನ ಮುಂದೆ ಬಾಯಿಗೆ ಬರುವುದಿಲ್ಲ. ಬೆವರುತ್ತ, ತಡವರಿಸುತ್ತ ಹೇಳಿದೆ. ಕೊನೆಗೆ, "ಕರದ ತಪ್ಪಲ್ಲ ಬೇ. ಬಸುರಾಗ ಅಣ್ಣನ ರಕ್ತ ಬಂದು ಹಿಂಗ ಆಗೈತಿ" ಅಂದೆ.

ಕೊಟ್ಟಿಗೆಯ ಬಾಗಿಲಲ್ಲಿ ವೈನಿ ಬಕೀಟು ಹಿಡಿದು ನಿಂತಿದ್ದಳು. ಹೊರಗಿನವರ ಮುಂದೆ ಎಂದೂ ಬಾಯಿ ಬಿಡದವಳು ಅಂದು ಕೇಳಿದಳು: "ಹಂಗಾದ್ರ ಒಬ್ಬರು ಗೊಡ್ಡ ಆದ್ರ ಕಾರಣ ಇನ್ನೊಬ್ಬರ ಕಡೆನೂ ಇರ್ತೈತೇನ್ರಿ?"

ಡಾಕ್ಟರಿಗೆ ಕನ್ನಡ ಅಷ್ಟಕ್ಕಷ್ಟೇ. ಅವರು ನನ್ನ ಮುಖ ನೋಡಿದರು. ವೈನಿಯೂ ನನ್ನನ್ನೇ ನೋಡುತ್ತಿದ್ದಳು. ಅದು ಡಾಕ್ಟರಿಗೆ ಕೇಳಿದ ಪ್ರಶ್ನೆಯಲ್ಲ ಎಂದು ನನಗೆ ತಿಳಿಯಿತು.

ಮರುವಾರ ಅಣ್ಣನನ್ನು ಕರೆದುಕೊಂಡು ಮಿರಜಕ್ಕೆ ಹೋದೆ. ಒಪ್ಪಿಸುವುದಕ್ಕೆ ಎಂಟು ದಿನ ಹಿಡಿಯಿತು. ಡಾಕ್ಟರು ಐದು ನಿಮಿಷ ಪರೀಕ್ಷೆ ಮಾಡಿ ಹೊರಗೆ ಬಂದು, "ಸಣ್ಣಾಂವ ಇದ್ದಾಗಿಂದ ಹಿಂಗೇ ಏನು?" ಎಂದು ಕೇಳಿದರು. ಅಣ್ಣ ನೆಲ ನೋಡುತ್ತ ತಲೆಯಾಡಿಸಿದ. ಅವನ ಎರಡೂ ಬೀಜ ಚೀಲಕ್ಕೆ ಇಳಿದೇ ಇರಲಿಲ್ಲ. ಮೇಲೆಯೇ, ತೊಡೆಯ ಸಂದಿಯ ಒಳಗೆ ಉಳಿದುಬಿಟ್ಟಿದ್ದವು. ವೀರ್ಯ ಪರೀಕ್ಷೆಯಲ್ಲಿ ಒಂದು ವೀರ್ಯಾಣುವೂ ಸಿಗಲಿಲ್ಲ.

ಅಣ್ಣ ಬಹಳ ಹೊತ್ತಿನ ಮೇಲೆ ಕೇಳಿದ: "ಅವು ಮ್ಯಾಲ ಯಾಕ ಇರ್ತಾವ್ರಿ? ಅಲ್ಲಿ ಹೆಂಗ ಹೋದುವು?"

"ಮ್ಯಾಲ ಹೋಗಿಲ್ಲೋ ಮಾರಾಯಾ, ಹುಟ್ಟೂದೇ ಮ್ಯಾಲ" ಎಂದರು ಡಾಕ್ಟರು. ಬಸುರಿನಲ್ಲಿ ಅವು ಹುಟ್ಟುವುದು ಬೆನ್ನಿನ ಕಡೆ, ಕಿಡ್ನಿಯ ಹತ್ತಿರ. ಹೆಣ್ಣಿನ ಅಂಡಾಶಯ ಹುಟ್ಟುವುದೂ ಅದೇ ಜಾಗದಲ್ಲಿ. ಅಂಡಾಶಯ ಕಿಬ್ಬೊಟ್ಟೆಯವರೆಗೆ ಮಾತ್ರ ಸರಿದು ಹೊಟ್ಟೆಯ ಒಳಗೇ ಉಳಿಯುತ್ತದೆ. ಗಂಡಿನ ಬೀಜ ಏಳನೇ ತಿಂಗಳಿನಿಂದ ಒಂಬತ್ತನೇ ತಿಂಗಳಿನೊಳಗೆ ಹೊಟ್ಟೆ ಬಿಟ್ಟು ಚೀಲಕ್ಕೆ ಇಳಿಯಬೇಕು. ಚೀಲದ ಒಳಗಿನ ಉಷ್ಣ ಮೈಯ ಉಷ್ಣಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಹೊಟ್ಟೆಯ ಕಾವಿನಲ್ಲೇ ವರ್ಷಗಟ್ಟಲೆ ಉಳಿದರೆ ವೀರ್ಯಾಣು ಆಗಬೇಕಾದ ಕೋಶಗಳು ಸತ್ತುಹೋಗುತ್ತವೆ. ಒಂದು ವರ್ಷದ ಕೂಸಿದ್ದಾಗ ಇಳಿಸಿದ್ದರೆ ಮಾತು ಬೇರೆ ಇತ್ತು. ಈಗ ತಡವಾಗಿದೆ. ಆದರೂ ಅಲ್ಲಿಯೇ ಬಿಟ್ಟರೆ ಮುಂದೆ ಕ್ಯಾನ್ಸರ್ ಗಡ್ಡೆ ಆಗುವ ಭಯ ಇದೆ, ಆಪರೇಷನ್ ಮಾಡಿಸಿಕೊಳ್ಳಿ ಎಂದರು.

ಇನ್ನೊಂದು ಮಾತನ್ನೂ ಅವರು ಹೇಳಿದರು. ಅಣ್ಣನಿಗೆ ಆಸರೆಯಾದದ್ದು ಆ ಮಾತೇ. ಮೀಸೆ, ದನಿ, ತ್ರಾಣ, ಸಂಸಾರ ಇವನ್ನೆಲ್ಲ ನೋಡಿಕೊಳ್ಳುವ ಕೋಶಗಳೇ ಬೇರೆ, ಅವು ಕಾವನ್ನು ತಡೆದುಕೊಳ್ಳುತ್ತವೆ. "ನೀ ಗಂಡಸಲ್ಲಂತ ಯಾರೂ ಅನ್ನುವಂತಿಲ್ಲ. ಒಂದ ಮನ್ಯಾಗ ಎರಡು ತರಹದ ಕೆಲಸಗಾರರು. ಒಬ್ಬರು ಸತ್ತಾರ, ಇನ್ನೊಬ್ಬರು ದುಡಿಯಾಕತ್ತಾರ" ಅಂದರು.

ಆ ಮನೆ ಎಂಥದು, ಆ ಕೆಲಸಗಾರರು ಎಲ್ಲಿಂದ ಬಂದವರು ಎಂದು ತಿಳಿಯುವ ಹಟ ನನಗೆ ಅಂದಿನಿಂದ ಹತ್ತಿತು. ಸಿಕ್ಕ ಪುಸ್ತಕ ಓದಿದೆ. ಮರಾಠಿಯಲ್ಲಿ ಸಿಕ್ಕದ್ದನ್ನು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಸಿಕ್ಕದ್ದನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ತಿಳಿದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಗಂಗಿಯಂಥ ಕರದ ಸಂಗತಿ ಹಳೆಯದು. 1779ರಲ್ಲಿ ಲಂಡನ್ನಿನ ಜಾನ್ ಹಂಟರ್ ಎಂಬ ವೈದ್ಯ ಇಂಥ ಆಕಳುಗಳನ್ನು ಕೊಯ್ದು ನೋಡಿ ಬರೆದ. ಕಾರಣ ಹೇಳಿದವನು ಅಮೆರಿಕದ ಫ್ರಾಂಕ್ ಲಿಲ್ಲಿ, 1916ರಲ್ಲಿ. ಚಿಕಾಗೋದ ಕಸಾಯಿಖಾನೆಗಳಿಂದ ಹುಟ್ಟದ ಅವಳಿ ಕರಗಳನ್ನು ತರಿಸಿ, ಅವುಗಳ ರಕ್ತನಾಳ ಕೂಡಿರುವುದನ್ನು ಅವನು ತೋರಿಸಿದ. ಇಂಥ ಆಕಳಿನ ಅಂಡಾಶಯದಲ್ಲಿ ಎಷ್ಟೋ ಸಲ ಹೋರಿಯ ಬೀಜದಲ್ಲಿರುವಂಥ ಕೊಳವೆಗಳು ಕಾಣುತ್ತವೆ. ಅಂದರೆ ಅಂಡಾಶಯ ಆಗಬೇಕಾದದ್ದು ಅರ್ಧ ದಾರಿಯಲ್ಲಿ ಇನ್ನೊಂದು ಕಡೆ ತಿರುಗಿದೆ. ಹೀಗೆ ತಿರುಗುವುದು ಹೇಗೆ ಸಾಧ್ಯ? ಎರಡೂ ಒಂದೇ ಮೊಳಕೆಯಿಂದ ಬಂದಿದ್ದರೆ ಮಾತ್ರ ಸಾಧ್ಯ.

ಮನುಷ್ಯರ ಕೂಸಿನಲ್ಲೂ ಹಾಗೆಯೇ. ಬಸುರಿನ ಐದನೇ ವಾರದ ಹೊತ್ತಿಗೆ ಕಿಡ್ನಿ ಆಗುವ ಜಾಗದ ಪಕ್ಕಕ್ಕೆ ಎರಡು ಸಣ್ಣ ಬದುಗಳು ಏಳುತ್ತವೆ, ಹೊಲದ ಬದುವಿನ ಹಾಗೆ. ಗಂಡು ಕೂಸಿಗೂ ಅದೇ ಬದು, ಹೆಣ್ಣು ಕೂಸಿಗೂ ಅದೇ ಬದು. ಯಾವ ದುರ್ಬೀನಿನಲ್ಲಿ ನೋಡಿದರೂ ಆಗ ರೂಪದಲ್ಲಿ ಭೇದ ಕಾಣುವುದಿಲ್ಲ. ಅದರಲ್ಲಿ ಮೂರು ತರಹದ ಕೋಶಗಳು ಕೂಡುತ್ತವೆ. ಮೊಟ್ಟೆ ಅಥವಾ ವೀರ್ಯಾಣು ಆಗುವ ಬೀಜಕೋಶ ಒಂದು, ಅದನ್ನು ಸಾಕುವ ಪೋಷಕ ಕೋಶ ಇನ್ನೊಂದು, ಮೈಗೆ ರಸ ಕೊಡುವ ಕೋಶ ಮೂರನೆಯದು.

ಇವುಗಳಲ್ಲಿ ಬೀಜಕೋಶಗಳು ಆ ಬದುವಿನಲ್ಲಿ ಹುಟ್ಟಿದವಲ್ಲ ಎಂದು ಓದಿದಾಗ ನನಗೆ ಬಹಳ ಆಶ್ಚರ್ಯವಾಯಿತು. ನಾಲ್ಕನೇ ವಾರದಲ್ಲಿ ಅವು ಕೂಸಿನ ಮೈಯ ಹೊರಗೆ, ಹಳದಿಚೀಲದ ಗೋಡೆಯಲ್ಲಿ ಇರುತ್ತವೆ. ಅಲ್ಲಿಂದ ಕರುಳಿನ ಗುಂಟ ತೆವಳುತ್ತ, ದಾರಿಯಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ, ಬದುವಿಗೆ ಬಂದು ಮುಟ್ಟುತ್ತವೆ. ಆಷಾಢದಲ್ಲಿ ನಮ್ಮ ಸೀಮೆಯಿಂದ ಪಂಢರಪುರಕ್ಕೆ ವಾರಿ ಹೋಗುತ್ತದಲ್ಲ, ಹಾಗೆ. ದಾರಿ ತಪ್ಪಿ ಬೇರೆ ಕಡೆ ಹೋದವು ಬಹುತೇಕ ಸಾಯುತ್ತವೆ.

ಮುಂದಿನ ತೀರ್ಮಾನ ಮಾಡುವುದು ಪೋಷಕ ಕೋಶಗಳು. ತಂದೆಯಿಂದ ವೈ ವರ್ಣತಂತು ಬಂದಿದ್ದರೆ ಅದರ ಮೇಲಿನ ಎಸ್‌ಆರ್‌ವೈ ಎಂಬ ಜೀನ್ ಆರೇಳನೇ ವಾರದಲ್ಲಿ ಈ ಪೋಷಕ ಕೋಶಗಳೊಳಗೆ ಎದ್ದು ಕೂಡುತ್ತದೆ. ಆಗ ಅವು ಸರ್ಟೋಲಿ ಕೋಶಗಳಾಗಿ, ಬೀಜಕೋಶಗಳ ಸುತ್ತ ಕೊಳವೆ ಕಟ್ಟಿ, ವೃಷಣ ಮಾಡುತ್ತವೆ. ಆ ಜೀನ್ ಇಲ್ಲದಿದ್ದರೆ ಅದೇ ಕೋಶಗಳು ಮೊಟ್ಟೆಯನ್ನು ಸುತ್ತುವರಿದು ಸಾಕುವ ಕೋಶಗಳಾಗಿ ಅಂಡಾಶಯ ಮಾಡುತ್ತವೆ. ಈ ಜೀನನ್ನು ಲಂಡನ್ನಿನ ವಿಜ್ಞಾನಿಗಳು ಗುರುತಿಸಿದ್ದು 1990ರಲ್ಲಿ. ಮರುವರ್ಷವೇ ಅವರು ಹೆಣ್ಣಾಗಬೇಕಾದ ಇಲಿಯ ಭ್ರೂಣಕ್ಕೆ ಅದೊಂದನ್ನೇ ಸೇರಿಸಿ ನೋಡಿದರು. ಅದು ಗಂಡಿಲಿಯಾಗಿ ಬೆಳೆಯಿತು.

ಬೀಜಕೋಶಗಳಾದರೋ ಸೇರಿದ ಮನೆಯ ರೀತಿ ಹಿಡಿಯುತ್ತವೆ. ಅಂಡಾಶಯ ಸೇರಿದವು ಹುಟ್ಟುವ ಮೊದಲೇ ಮೊಟ್ಟೆಯಾಗುವ ಕೆಲಸ ಸುರು ಮಾಡುತ್ತವೆ. ವೃಷಣ ಸೇರಿದವು ಹುಡುಗ ಪ್ರಾಯಕ್ಕೆ ಬರುವವರೆಗೆ ಸುಮ್ಮನಿರುತ್ತವೆ. ಬಸುರಿನ ಐದನೇ ತಿಂಗಳಿನಲ್ಲಿ ಹೆಣ್ಣು ಕೂಸಿನ ಮೈಯಲ್ಲಿ ಅರವತ್ತು ಎಪ್ಪತ್ತು ಲಕ್ಷ ಬೀಜಕೋಶಗಳಿರುತ್ತವೆ. ಹುಟ್ಟುವ ಹೊತ್ತಿಗೆ ಹತ್ತಿಪ್ಪತ್ತು ಲಕ್ಷ ಉಳಿಯುತ್ತವೆ. ಈ ಲೆಕ್ಕ ವೈನಿಗೆ ಹೇಳಿದಾಗ ಅವಳು ಬೆರಳು ಮಡಿಚಿ ಯೋಚನೆ ಮಾಡಿ ಅಂದಳು: "ಅಂದ್ರ ನಿಮ್ಮವ್ವ ನಿಮ್ಮಜ್ಜಿ ಹೊಟ್ಯಾಗ ಇದ್ದಾಗನ ನೀವು ಅರ್ಧ ಇದ್ರಿ." ಅದಕ್ಕಿಂತ ಚೆನ್ನಾಗಿ ನಾನು ಶಾಲೆಯಲ್ಲಿ ಎಂದೂ ಹೇಳಿಲ್ಲ.

ಏನೂ ಆಗದೆ ಉಳಿದದ್ದೇ ಹೆಣ್ಣು, ಮೇಲೆ ಏನೋ ಸೇರಿ ಆದದ್ದು ಗಂಡು ಎಂದು ಬಹಳ ದಿನ ವಿಜ್ಞಾನಿಗಳೂ ತಿಳಿದಿದ್ದರು. ಅದೂ ಪೂರ್ತಿ ಸರಿಯಲ್ಲ. 2009ರಲ್ಲಿ ಜರ್ಮನಿ ಮತ್ತು ಇಂಗ್ಲೆಂಡಿನವರು ಬೆಳೆದ ಹೆಣ್ಣಿಲಿಯ ಅಂಡಾಶಯದಲ್ಲಿ ಫಾಕ್ಸ್‌ಎಲ್2 ಎಂಬ ಒಂದು ಜೀನನ್ನು ಕೆಲಸ ಮಾಡದಂತೆ ತಡೆದರು. ಅಲ್ಲಿಯ ಪೋಷಕ ಕೋಶಗಳು ವೃಷಣದ ಕೋಶಗಳ ಹಾಗೆ ಆಗತೊಡಗಿದವು. 2011ರಲ್ಲಿ ಅಮೆರಿಕದವರು ಗಂಡಿಲಿಯಲ್ಲಿ ಬೇರೊಂದು ಜೀನ್ ತೆಗೆದಾಗ ಇದರ ಉಲ್ಟಾ ಆಯಿತು. ಅಂದರೆ ಅಂಡಾಶಯ ಅಂಡಾಶಯವಾಗಿ ಉಳಿಯಲು ದಿನಾ ದುಡಿಯಬೇಕು, ವೃಷಣವೂ ಹಾಗೇ. ಯಾವುದೂ ತಾನಾಗಿ ಬಿದ್ದುಕೊಂಡಿಲ್ಲ.

ಒಂದು ಮಾತು ಇಲ್ಲಿಯೇ ಹೇಳಬೇಕು, ಇಲ್ಲದಿದ್ದರೆ ಓದಿದವರು ಸುಮ್ಮನೆ ಹೆದರುತ್ತಾರೆ. ಮನುಷ್ಯರಲ್ಲಿ ಒಂದು ಗಂಡು ಒಂದು ಹೆಣ್ಣು ಅವಳಿ ಹುಟ್ಟಿದರೆ ಹೆಣ್ಣಿಗೆ ಗಂಗಿಯ ಗತಿ ಬರುವುದಿಲ್ಲ. ನಮ್ಮಲ್ಲಿ ಇಬ್ಬರ ರಕ್ತ ಹಾಗೆ ಬೆರೆಯುವುದಿಲ್ಲ. ಆಡು ಕುರಿಗಳಲ್ಲೂ ಅದು ಅಪರೂಪ. ಇದು ಮುಖ್ಯವಾಗಿ ಆಕಳಿನ ಜಾತಿಯ ಸಂಗತಿ.

ಮಿರಜದಿಂದ ಬರುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯ ಹೊರಗೆ ನೋಡುತ್ತ ಕೂತ. ಜತ್ತ ದಾಟಿದ ಮೇಲೆ ಒಂದೇ ಮಾತು ಆಡಿದ: "ಆಕಿಗೆ ನಾನ ಹೇಳ್ತೀನಿ. ನೀ ಹೇಳಬ್ಯಾಡ." ರಾತ್ರಿ ಅವರಿಬ್ಬರಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ನಸುಕಿನಲ್ಲಿ ಎದ್ದು ನೋಡಿದರೆ ವೈನಿ ಗಂಗಿಯ ಮುಂದೆ ಕಣಿಕೆ ಹಾಕಿ, ಅದರ ಕೊರಳಿಗೆ ಆತು ನಿಂತಿದ್ದಳು. ಅವಳು ಅಳುತ್ತಿದ್ದಳು, ದುಃಖಕ್ಕೋ, ಭಾರ ಇಳಿದದ್ದಕ್ಕೋ.

ಅವ್ವನಿಗೆ ಹೇಳಿದವನೂ ಅಣ್ಣನೇ. ಅವ್ವ ಕಂಬಕ್ಕೆ ಒರಗಿ ಬಹಳ ಹೊತ್ತು ಕೂತಳು. ಆಮೇಲೆ ಅಂದಳು: "ನನಗ ಗೊತ್ತಿತ್ತು. ಕೂಸಿದ್ದಾಗ ಎಣ್ಣಿ ಹಚ್ಚಿ ಎರಿಯುವಾಗ ಕೈಗೆ ಹತ್ತತಿರಲಿಲ್ಲ. ನಮ್ಮತ್ತಿಗೆ ಕೇಳಿದೆ. ದೊಡ್ಡಾಂವ ಆದಮ್ಯಾಲ ತಾವ ಇಳಿತಾವ, ಬಾಯಿ ಮುಚ್ಚಕೊಂಡ ಇರು ಅಂದ್ಲು. ಇದಕ್ಕ ಕೂಸು ಆಗೂದಿಲ್ಲಂತ ನನಗೇನ ಗೊತ್ತು?"

ಅಜ್ಜಿ ಬಾಯಿ ಮುಚ್ಚಿಸಿದಳು, ಅವ್ವ ಮುಚ್ಚಿಕೊಂಡಳು, ಅಣ್ಣ ನಾಚಿಕೆಯಿಂದ ಮುಚ್ಚಿಕೊಂಡ. ಇವರು ಮೂವರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಹತ್ತಿದ್ದೆ. ಸಂತಾನೋತ್ಪತ್ತಿಯ ಪಾಠ ಬಂದಾಗಲೆಲ್ಲ "ಇದನ್ನ ಮನ್ಯಾಗ ಓದಿಕೊಳ್ರಿ" ಎಂದು ಹಾಳೆ ತಿರುವಿ ಹಾಕುತ್ತಿದ್ದ ಮಾಸ್ತರ ನಾನು. ದೊಡ್ಡವನ ಸಂಸಾರದ ಮಾತಿನಲ್ಲಿ ತಮ್ಮ ಬಾಯಿ ಹಾಕಬಾರದು ಎಂದು ಆರು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಮರ್ಯಾದೆ ಅಲ್ಲ, ಅಂಜಿಕೆ. ಅದರ ಬೆಲೆ ಕೊಟ್ಟವಳು ವೈನಿ. ಮಾರನೇ ವರ್ಷದಿಂದ ಆ ಪಾಠವನ್ನು ನಾನು ಬಿಡಲಿಲ್ಲ. ಮೊದಲ ಸಲ ಕಲಿಸಿದಾಗ ಹುಡುಗರು ನಕ್ಕರು, ಹುಡುಗಿಯರು ತಲೆ ಬಾಗಿಸಿದರು, ನನ್ನ ಸೀಮೆಸುಣ್ಣ ಎರಡು ಸಲ ಮುರಿಯಿತು. ಮೂರನೇ ವರ್ಷಕ್ಕೆ ಪ್ರಶ್ನೆ ಕೇಳತೊಡಗಿದರು.

ಅವ್ವ ಸಾಯುವತನಕ ಆ ಗೊಡ್ಡು ಎಂಬ ಶಬ್ದ ಮತ್ತೆ ಆಡಲಿಲ್ಲ, ದನಕ್ಕೂ ಆಡಲಿಲ್ಲ. ಅಣ್ಣ ಆಪರೇಷನ್ ಮಾಡಿಸಿಕೊಂಡ. ನನ್ನ ಎರಡನೇ ಮಗಳು ಅವರ ಮಡಿಲಲ್ಲಿಯೇ ಬೆಳೆದಳು, ಇವತ್ತಿಗೂ ವೈನಿಯನ್ನೇ ಅವ್ವ ಅನ್ನುತ್ತಾಳೆ. ಗಂಗಿಯನ್ನು ಮಾರಲು ವೈನಿ ಬಿಡಲಿಲ್ಲ. "ಸಗಣಿ ಹಾಕ್ತೈತಿ, ತಿಪ್ಪಿ ತುಂಬ್ತೈತಿ, ಇಷ್ಟ ಸಾಕು" ಎಂದಳು. ಗಂಗಿ ನಮ್ಮ ಗೋದಲಿಯಲ್ಲೇ ಮುದಿಯಾಗಿ ಸತ್ತಿತು.

ಅಣ್ಣ ಹೋಗಿ ನಾಲ್ಕು ವರ್ಷವಾಯಿತು. ವೈನಿ ಈಗ ಊರಿನ ಬಾಣಂತಿಯರ ಮನೆಗೆ ಕೂಸು ಎರೆಯಲು ಹೋಗುತ್ತಾಳೆ. ತೊಟ್ಟಿಲು ಮುಟ್ಟಬೇಡ ಎಂದ ಮನೆಗಳಿಂದಲೇ ಕರೆ ಬರುತ್ತದೆ. ಗಂಡುಕೂಸಾದರೆ ಎಣ್ಣೆ ಹಚ್ಚುವಾಗ ತಾಯಿಯ ಕೈ ಹಿಡಿದು ತೋರಿಸುತ್ತಾಳೆ: "ಎರಡೂ ಕೈಗೆ ಹತ್ತತಾವೇನ ನೋಡು. ಹತ್ತಲಿಲ್ಲಂದ್ರ ಅಂಜಬ್ಯಾಡ, ಎಷ್ಟೋ ಕೂಸಿಗೆ ನಾಲ್ಕಾರು ತಿಂಗಳದಾಗ ತಾವ ಇಳಿತಾವ. ಆರು ತಿಂಗಳಾದ್ರೂ ಇಳೀಲಿಲ್ಲಂದ್ರ ಮಾತ್ರ ದವಾಖಾನಿಗೆ ಒಯ್ಯಿ. ಯಾರ ಮಾತೂ ಕೇಳಬ್ಯಾಡ." ದಿನ ತುಂಬಿ ಹುಟ್ಟಿದ ನೂರು ಗಂಡುಕೂಸುಗಳಲ್ಲಿ ಸುಮಾರು ಮೂರಕ್ಕೆ ಹೀಗಿರುತ್ತದೆ, ದಿನ ತುಂಬದೆ ಹುಟ್ಟಿದರೆ ಇನ್ನೂ ಹೆಚ್ಚು. ಆರು ತಿಂಗಳಿನಿಂದ ಒಂದೂವರೆ ವರ್ಷದೊಳಗೆ ಒಂದು ಸಣ್ಣ ಆಪರೇಷನ್ನಿನಿಂದ ಇಳಿಸಿಬಿಡಬಹುದು. ನಮ್ಮ ಊರಿನಲ್ಲಿ ವೈನಿಯ ಕೈಯಿಂದ ಗೊತ್ತಾಗಿ ಹೀಗೆ ಆಪರೇಷನ್ ಆದ ಎರಡು ಹುಡುಗರು ಈಗ ನಾನು ಕಲಿಸಿದ ಶಾಲೆಗೇ ಹೋಗುತ್ತಾರೆ.

ವಾಚನಾಲಯದ ಹುಡುಗರು ಪುಸ್ತಕಕ್ಕೆ ಏನಾದರೂ ಬರೀರಿ ಅಂದಾಗ ಇದನ್ನು ಬರೆಯಲೋ ಬೇಡವೋ ಎಂದು ವೈನಿಗೆ ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಬರೀರಿ ಮಾಸ್ತರ. ಇನ್ನೂ ಎಷ್ಟು ದಿನ ಮುಚ್ಚಿಡ್ತೀರಿ? ನನ್ನ ಹೆಸರು ಹಾಕಬ್ಯಾಡ್ರಿ. ಗಂಗೀದು ಹಾಕ್ರಿ."